ಹಿತ್ತಲ ಹೊಳೆ

ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯ ಆವರಣದೊಳಗೆ ಬೆಳಗಿನ ಹೊತ್ತು ಅಡ್ಡಾಡುವ ಅಭ್ಯಾಸವುಳ್ಳವರಿಗೆಲ್ಲ ಪರಿಚಿತವಾದ ಒಂದು ಗಳಿಗೆಯುಂಟು. ಸಾವಿರ ಎಕರೆಗೂ ಮಿಗಿಲಾದ ಆ ವಿಶಾಲ ಭೂಮಿಯಲ್ಲಿ, ಬಿದಿರುಮೆಳೆಗಳ ಮರೆಯಿಂದ ನವಿಲು ಕೂಗುವುದನ್ನು ಕೇಳುತ್ತ, ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಡಬೇಕೆಂಬ ವೈದ್ಯರ ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿರುವಾಗ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆಗೆ ಸಾಬೂನಿನ ವಾಸನೆಯೂ ಸುಟ್ಟ ಲೋಹದ ಕಟುವೂ ಬೆರೆತಂಥ ಒಂದು ನಾತ ಬಂದು ಮೂಗಿಗೆ ಬಡಿಯುತ್ತದೆ. ಯಾರೂ ನಿಲ್ಲುವುದಿಲ್ಲ. ಕೈ ತಾನಾಗಿಯೇ ಕರವಸ್ತ್ರಕ್ಕೆ ಹೋಗುತ್ತದೆ, ಹೆಜ್ಜೆ ಬಿರುಸಾಗುತ್ತದೆ, ಮೊಣಕಾಲ ನೋವಿನ ಮಾತೋ ಮಗಳ ಮದುವೆಯ ಮಾತೋ ಎಲ್ಲಿ ತಡೆದಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಅದು ವೃಷಭಾವತಿಯ ವಾಸನೆ. ಆರೋಗ್ಯಕ್ಕಾಗಿ ನಡೆಯುವ ಇಷ್ಟು ಜನ, ಅನಾರೋಗ್ಯದ ಆ ಪ್ರವಾಹವನ್ನು ಮಗ್ಗುಲಲ್ಲೇ ಇಟ್ಟುಕೊಂಡು, ಅದನ್ನು ಕುರಿತು ಒಂದು ಮಾತನ್ನೂ ಆಡದೆ ವರ್ಷಗಳನ್ನು ಕಳೆಯಬಲ್ಲರೆಂಬುದು ಈ ಸೀಮೆಗೆ ಬಂದ ಹೊಸದರಲ್ಲಿ ನನಗೆ ಆಶ್ಚರ್ಯವಾಗಿತ್ತು; ಬರಬರುತ್ತ ನಾನೂ ಆ ಮೌನದಲ್ಲಿ ಸೇರಿಹೋದೆ. ಈ ಮೌನ ಅಜ್ಞಾನದಿಂದ ಬಂದುದಲ್ಲ. ಶುಚಿತ್ವವೆಂದರೇನೆಂಬ ನಮ್ಮ ಗ್ರಹಿಕೆಯಲ್ಲೇ ಅದಕ್ಕೆ ಬೇರುಂಟು ಎಂಬುದು ಈಗ ನನಗೆ ದೃಢವಾಗಿದೆ.

ಈ ಹೊಳೆ ಹುಟ್ಟುವುದು ದೇವರ ಸನ್ನಿಧಿಯಲ್ಲಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಿಂದ ಒಂದು ಧಾರೆ, ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರನ ಗುಡಿಯೆದುರಿನ ನಂದಿತೀರ್ಥದಿಂದ ಮತ್ತೊಂದು ಧಾರೆ ಹೊರಟು ವೃಷಭಾವತಿಯಾಯಿತೆಂದು ಐತಿಹ್ಯ; ಹೆಸರು ಬಂದದ್ದೂ ಆ ವೃಷಭನಿಂದಲೇ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕದಲ್ಲಿ ಹಾದು, ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿಗಳನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಕೂಡಿಕೊಂಡು, ಕನಕಪುರದ ಕಾಡಿನಾಚೆ ಸಂಗಮದಲ್ಲಿ ಅದು ಕಾವೇರಿಗೆ ಬೀಳುತ್ತದೆ. ಹುಟ್ಟಿದೆಡೆಯ ಆ ಎರಡು ಬಡಾವಣೆಗಳಲ್ಲೇ ಬೆಂಗಳೂರಿನ ಆಧುನಿಕ ಆರೋಗ್ಯದ ಚರಿತ್ರೆಯೂ ಮೊದಲಾಗುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸಾಯುತ್ತಿದ್ದುದನ್ನು ಕಂಡು ಅಂದಿನ ಆಡಳಿತ, ಅದಾಗಲೇ ಗೆರೆ ಹಾಕಿದ್ದ ಮಲ್ಲೇಶ್ವರ ಬಸವನಗುಡಿಗಳನ್ನು ತ್ವರೆಯಿಂದ ಬೆಳೆಸಿತು: ನೇರವಾದ ಅಗಲ ಬೀದಿಗಳು, ಗಾಳಿ ಬೆಳಕು ಆಡುವ ಮನೆಗಳು, ಮುಂದೆ ಹೂದೋಟಕ್ಕೆ ಎಡೆ. ಆ ಯೋಜಕರು ಎಷ್ಟೋ ಪ್ರಾಣಗಳನ್ನು ಉಳಿಸಿದರು, ಅದರಲ್ಲಿ ಸಂದೇಹವಿಲ್ಲ. ಆದರೆ ಮನೆಗಳ ಸಾಲಿಗೂ ಸಾಲಿಗೂ ನಡುವೆ, ಹಿತ್ತಲ ಕಡೆಗೆ, ಒಂದು ಕಿರಿದಾದ ಓಣಿಯನ್ನೂ ಅವರು ಬಿಟ್ಟರು. ಹಳಬರು ಇಂದಿಗೂ ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಬೆಳಕು ಹರಿಯುವ ಮುನ್ನ ಆ ಓಣಿಯಲ್ಲಿ ಬಂದು, ಗೋಡೆಯ ಬುಡದ ಕಿಂಡಿಯಿಂದ ಮಲವನ್ನು ಬಳಿದು ಬುಟ್ಟಿಗೆ ತುಂಬಿಕೊಂಡು, ತಲೆಯ ಮೇಲೆ ಹೊತ್ತು ಹೋಗುತ್ತಿದ್ದವರು ಮುಂಬಾಗಿಲ ಬೀದಿಯಲ್ಲಿ ಯಾರ ಕಣ್ಣಿಗೂ ಬೀಳಬೇಕಾದ ಪ್ರಮೇಯವೇ ಇರಲಿಲ್ಲ. ಮುಂಬಾಗಿಲಿಗೆ ರಂಗೋಲಿ, ಹಿಂಬಾಗಿಲಿಗೆ ಬುಟ್ಟಿ: ಮನೆ ಶುಚಿಯಾಯಿತು, ಹೊಲಸು ಇನ್ನೊಬ್ಬರ ತಲೆಯ ಮೇಲಾಯಿತು.

ಮಡಿ ಎಂಬ ಪದ ನಮ್ಮಲ್ಲಿ ಶುಚಿತ್ವಕ್ಕೆ ಪರ್ಯಾಯವಾಗಿ ಬಳಕೆಯಲ್ಲಿದೆ. ನಾನು ಮಡಿಯ ಮನೆಯಲ್ಲೇ ಬೆಳೆದವನು. ಅಜ್ಜಿ ಒದ್ದೆ ಸೀರೆಯುಟ್ಟು ಬಾವಿಯಿಂದ ಒಲೆಯವರೆಗೆ ನಡೆಯುತ್ತಿದ್ದಾಗಿನ ಏಕಾಗ್ರತೆಯನ್ನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಆದರೂ ಹೇಳಲೇಬೇಕಾದ ಮಾತೊಂದಿದೆ. ಆರೋಗ್ಯಶಾಸ್ತ್ರದ ಶುಚಿತ್ವ ಕಲ್ಮಷವನ್ನು ಇಲ್ಲವಾಗಿಸುವುದನ್ನು ಬಯಸುತ್ತದೆ. ಮಡಿ ಅದನ್ನು ನನ್ನಿಂದ ದೂರವಾಗಿಸುವುದನ್ನಷ್ಟೇ ಬಯಸುತ್ತದೆ. ದೂರಕ್ಕೆ ಹೋದದ್ದು ಎಲ್ಲಿಗೆ ಹೋಯಿತು, ಯಾರನ್ನು ಮುಟ್ಟಿತು ಎಂಬ ಪ್ರಶ್ನೆಯೇ ಮಡಿಯ ವ್ಯಾಕರಣದಲ್ಲಿಲ್ಲ. ಹಿಂದೆ ಎಷ್ಟೋ ಊರುಗಳಲ್ಲಿ ಒಂದೇ ಹೊಳೆಯ ಮೇಲ್ಗಡೆಯ ಮೆಟ್ಟಿಲು ಮೇಲ್ಜಾತಿಯವರಿಗೆ, ಕೆಳಗಡೆಯ ಮೆಟ್ಟಿಲು ಉಳಿದವರಿಗೆ, ಎಲ್ಲಕ್ಕಿಂತ ಕೆಳಗಿನ ನೀರು ಹೊಲಗೇರಿಯವರಿಗೆ ಎಂಬ ಕಟ್ಟು ಇತ್ತಷ್ಟೆ. ಮೇಲಿನವರು ಮಿಂದ ನೀರು ಕೆಳಗಿನವರಿಗೆ ಕುಡಿಯಲು ಯೋಗ್ಯ. ಕೆಳಗಿನವರು ಮುಟ್ಟಿದ ನೀರು ಮೇಲಿನವರಿಗೆ ಮೈಲಿಗೆ. ಅಂಥ ಮೆಟ್ಟಿಲುಗಳನ್ನು ಇಂದು ಬಹಿರಂಗವಾಗಿ ಸಮರ್ಥಿಸುವವರು ಯಾರೂ ಸಿಗಲಿಕ್ಕಿಲ್ಲ. ಆದರೆ ಅದೇ ಮೆಟ್ಟಿಲುಗಳನ್ನು ನಾವು ಕಬ್ಬಿಣದ ಕೊಳವೆಗಳಿಂದ, ವಿದ್ಯುತ್ ಪಂಪುಗಳಿಂದ, ಒಂದು ಮಹಾನಗರದ ಪ್ರಮಾಣದಲ್ಲಿ ಮತ್ತೆ ಕಟ್ಟಿದ್ದೇವೆ.

ಬೆಂಗಳೂರು ಕುಡಿಯುವ ಕಾವೇರಿ ಶಿವನಸಮುದ್ರದ ಬಳಿಯಿಂದ, ತೊರೆಕಾಡನಹಳ್ಳಿಯ ಮೂಲಕ, ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರ ಏರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೆಯ ಹಂತ ಆರಂಭವಾದಾಗ ದಿನಕ್ಕೆ 77.5 ಕೋಟಿ ಲೀಟರು ಹೆಚ್ಚಿಗೆ ಸೇರಿ, ಒಟ್ಟು ಯೋಜಿತ ಪೂರೈಕೆ ದಿನಕ್ಕೆ 220 ಕೋಟಿ ಲೀಟರನ್ನು ಮೀರಿತು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳು ಅಂಗೀಕರಿಸಿದ ಲೆಕ್ಕ. ಐದನೆಯ ಹಂತ ಬಂದಾಗ ಪತ್ರಿಕೆಗಳಲ್ಲಿ ಬಂದ ನೀರಿನ ಚಿತ್ರಗಳನ್ನು ಕಂಡು ನಾವೆಲ್ಲ ಸಂತೋಷಪಟ್ಟೆವು, ಅದು ಸಹಜ; ಹೆಚ್ಚಿಗೆ ಬಂದ ಪ್ರತಿಯೊಂದು ಬಿಂದಿಗೆಗೂ ಮುಕ್ಕಾಲಿಗಿಂತ ಹೆಚ್ಚು ಬಿಂದಿಗೆ ಹೊಲಸಾಗಿ ಕೆಳಗಿಳಿಯಬೇಕು, ಅದು ಯಾರ ಅಂಗಳದಲ್ಲಿ ಇಳಿದೀತು ಎಂದು ಕೇಳಿದವರು ಎಷ್ಟು ಮಂದಿ? ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ನಾವು ನೀರೆತ್ತುವ ಜಾಗದಿಂದ ಕೆಳಗಿದೆ. ಮೇಲೆ ಕುಡಿದು ಕೆಳಗೆ ಕೊಡುತ್ತೇವೆ. ನಮ್ಮ ಹೊಲಸು ನಮ್ಮ ಬಾಯಿಗೆ ಎಂದೂ ಮರಳದಂತೆ ಭೂಗೋಳವೇ ನಮಗೆ ಮೇಲಿನ ಮೆಟ್ಟಿಲನ್ನು ಕಟ್ಟಿಕೊಟ್ಟಿದೆ. ಅದೇ ನಮ್ಮ ನೈತಿಕ ಆಲಸ್ಯಕ್ಕೆ ಆಶ್ರಯವಾಗಿದೆ.

ಈ ಹೊಳೆಯಲ್ಲಿ ಹರಿಯುವುದು ಮನೆಗಳ ಕೊಳಚೆ ಮಾತ್ರವಲ್ಲ. ಪೀಣ್ಯ, ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಎರಡು ಬದಿಯ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಲೋಹಕ್ಕೆ ನಿಕ್ಕಲ್, ಕ್ರೋಮಿಯಂ, ಸತುವುಗಳ ಲೇಪ ಕೊಡುವ ಕೆಲಸ ದಶಕಗಳಿಂದ ನಡೆದಿದೆ. ತೊಳೆದ ನೀರನ್ನು ಮೋರಿಗೆ ಬಿಡುವುದು ಅತ್ಯಂತ ಸುಲಭವಾದ ದಾರಿ. ನಾಯಂಡಹಳ್ಳಿಯ ಕಡೆ ಶುದ್ಧೀಕರಣದ ದೊಡ್ಡ ಘಟಕಗಳಿವೆ, ಹೌದು. ಆದರೆ ಅಂಥ ಘಟಕ ಕೆಲಸ ಮಾಡುವುದು ಸೂಕ್ಷ್ಮಜೀವಿಗಳ ಹಸಿವಿನ ಬಲದಿಂದ: ಮಲವನ್ನೂ ಅನ್ನದ ಅಗುಳನ್ನೂ ಅವು ತಿಂದು ಜೀರ್ಣಿಸಬಲ್ಲವು, ಕ್ರೋಮಿಯಮ್ಮನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಅದು ಕೆಸರಿನಲ್ಲಿ ಕೂತಿರುತ್ತದೆ, ಮಳೆಗಾಲದಲ್ಲಿ ಎದ್ದು ಮುಂದಕ್ಕೆ ಹೋಗುತ್ತದೆ. 1974ರಲ್ಲಿ ಜಲಮಾಲಿನ್ಯವನ್ನು ತಡೆಯುವ ಶಾಸನ ಬಂದಿತು; ಅದೇ ವರ್ಷ ಕರ್ನಾಟಕದಲ್ಲಿ ಅದಕ್ಕೊಂದು ಮಂಡಳಿಯೂ ಹುಟ್ಟಿತು. ಅರ್ಧ ಶತಮಾನ ಕಳೆದ ಮೇಲೂ ಮೈಸೂರು ರಸ್ತೆಯ ಸೇತುವೆಯ ಮೇಲೆ ನಿಂತವನಿಗೆ ಆ ಶಾಸನದ ಸಾಕ್ಷ್ಯ ನೀರಿನಲ್ಲಿ ಕಾಣಸಿಗುವುದಿಲ್ಲ. ದೊಡ್ಡ ಮಳೆಯಲ್ಲಿ ಗಾಳಿ ಆಂಜನೇಯನ ಗುಡಿಯೊಳಕ್ಕೇ ಆ ನೀರು ನುಗ್ಗಿದ್ದುಂಟು. ಗರ್ಭಗುಡಿಯನ್ನು ತೊಳೆದು ಶುದ್ಧಿ ಮಾಡಿದರು, ಹೊಳೆ ಹಾಗೆಯೇ ಉಳಿಯಿತು.

ಕಳೆದ ಮಾಘದಲ್ಲಿ, ಭೂವಿಜ್ಞಾನವನ್ನು ಕಲಿಸಿ ನಿವೃತ್ತರಾದ ಸ್ನೇಹಿತರೊಬ್ಬರೊಡನೆ ಬೈರಮಂಗಲಕ್ಕೆ ಹೋಗಿದ್ದೆ. ಕೋಡಿಯ ಬಳಿ ಬೆಳ್ನೊರೆ ಆಳೆತ್ತರಕ್ಕೆ ಎದ್ದು, ಗಾಳಿಗೆ ಕಿತ್ತುಬಂದು, ಹೊಂಗೆಯ ಕೊಂಬೆಗಳ ಮೇಲೆ ಹತ್ತಿಯ ಹಾಗೆ ಕೂರುತ್ತಿತ್ತು. ನಮ್ಮ ಮನೆಗಳ ಬಟ್ಟೆ ಒಗೆದ ಸೋಪಿನ ನೊರೆ ಅದು. 1940ರ ದಶಕದಲ್ಲಿ ಭತ್ತ ಕಬ್ಬುಗಳಿಗೆಂದು ಕಟ್ಟಿದ ಕೆರೆಯ ಅಚ್ಚುಕಟ್ಟಿನಲ್ಲಿ ಇಂದು ಸೀಮೆಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನು. ಹುಲ್ಲು ಕೊಯ್ಯುತ್ತಿದ್ದ ಐವತ್ತರ ಆಸುಪಾಸಿನ ರೈತರೊಬ್ಬರು ಕುಡುಗೋಲನ್ನು ಬದುವಿನ ಮೇಲಿಟ್ಟು ಅಂಗೈ ತೋರಿಸಿದರು. ಬೆರಳ ಸಂದುಗಳಲ್ಲಿ ಚರ್ಮ ಒಣಗಿದ ಕೆರೆಯಂಗಳದಂತೆ ಸೀಳಿತ್ತು. ಸೀಳಿನೊಳಗೆ ಕೊಬ್ಬರಿ ಎಣ್ಣೆ ಮಿನುಗುತ್ತಿತ್ತು. “ದಿನಾ ರಾತ್ರೆ ಎಣ್ಣೆ ಹಚ್ಚಿ ಮಲಗೋದು ಸ್ವಾಮಿ, ಬೆಳಿಗ್ಗೆ ಮತ್ತೆ ಅದೇ ನೀರಿಗೆ ಇಳಿಯೋದು” ಎಂದರು. ಕೆರೆಗೆ ಹೊಲಸು ಬಾರದಂತೆ ಅದನ್ನು ಪಕ್ಕದ ಕಾಲುವೆಯಲ್ಲಿ ಕೆಳಕ್ಕೆ ಸಾಗಿಸುವ ಯೋಜನೆಯನ್ನು ನನ್ನ ಸ್ನೇಹಿತರು ಪ್ರಸ್ತಾಪಿಸಿದಾಗ ಆ ರೈತರ ಮುಖ ಬಿಗಿಯಿತು. “ಈ ನೀರು ನಿಂತೋದ್ರೆ ನಮ್ಮ ಹೊಟ್ಟೆಗಿಲ್ಲ. ಹರಿದ್ರೆ ಮೈಗೆ ನೆಮ್ಮದಿ ಇಲ್ಲ. ನೀವು ಓದಿದೋರು, ನೀವೇ ಹೇಳಿ, ಇದ್ರಾಗೆ ಯಾವುದನ್ನ ಬ್ಯಾಡ ಅನ್ನಾಣ?”

ನನ್ನಲ್ಲಿ ಉತ್ತರವಿರಲಿಲ್ಲ. ಈ ನೀರು ಬೇಸಿಗೆಯಲ್ಲೂ ಬತ್ತದು, ಅದರಲ್ಲಿ ಗೊಬ್ಬರದ ಸಾರವುಂಟು, ಬರದ ವರ್ಷದಲ್ಲೂ ಹುಲ್ಲು ಕೊಡುತ್ತದೆ. ಆದುದರಿಂದ ರೈತರಿಗೆ ಉಪಕಾರವೇ ಆಗಿದೆಯಲ್ಲ ಎಂದು ನಗರದಲ್ಲಿ ವಾದಿಸುವವರನ್ನು ನಾನು ಕೇಳಿದ್ದೇನೆ. ವಾದದ ಸಂಗತಿ ಸುಳ್ಳಲ್ಲ, ತೀರ್ಮಾನ ಸುಳ್ಳು. ಬೇರೆ ನೀರಿಲ್ಲದವನು ಕೊಳಚೆಯನ್ನು ಒಪ್ಪಿಕೊಂಡದ್ದು ಒಪ್ಪಿಗೆಯಲ್ಲ, ನಿರುಪಾಯ. ಕಾಲುವೆಯ ಯೋಜನೆಯಾದರೂ ಕನ್ಸರ್ವೆನ್ಸಿ ಓಣಿಯ ಇನ್ನೊಂದು ಅವತಾರವೇ: ಕೆರೆ ಮಡಿಯಾಗುತ್ತದೆ, ಹೊಲಸು ಅದರ ಹಿತ್ತಲಿನಿಂದ ಅರ್ಕಾವತಿಗೆ ಹೋಗುತ್ತದೆ, ಅಲ್ಲಿಯೂ ಹೊಳೆಯನ್ನು ನಂಬಿದ ಊರುಗಳಿವೆ. ಇತ್ತ ಬೈರಮಂಗಲದ ಗದ್ದೆಗಳ ಮಣ್ಣಿನಲ್ಲಿಯೂ ಕಾಯಿಪಲ್ಲೆಯಲ್ಲಿಯೂ ಭಾರಲೋಹಗಳಿರುವುದನ್ನು ಸಂಶೋಧಕರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಆ ಹುಲ್ಲು ತಿಂದ ಹಸುಗಳ ಹಾಲು ಡೈರಿಗೆ ಹೋಗುತ್ತದೆ, ಸೊಪ್ಪು ತರಕಾರಿ ನಗರದ ಮಾರುಕಟ್ಟೆಗೆ ಬರುತ್ತದೆ. ನೀರು ಮೇಲಕ್ಕೆ ಹರಿಯದಿದ್ದರೇನು, ಅನ್ನ ಮೇಲಕ್ಕೆ ಹರಿಯುತ್ತದೆ. ಆದರೂ ನನ್ನ ವಾದವನ್ನು ಈ ಭಯದ ಮೇಲೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಒಂದು ವೇಳೆ ಆ ವಿಷ ಎಂದೂ ನಮ್ಮ ತಟ್ಟೆಗೆ ಮರಳದೆ ಬೈರಮಂಗಲದಲ್ಲೇ ಉಳಿಯುತ್ತದೆಂದು ಸಿದ್ಧವಾದರೂ ಆ ಅಂಗೈಯ ಸೀಳು ಅಷ್ಟೇ ಆಳವಾಗಿರುತ್ತದೆ.

ದೊಡ್ಡ ಊರುಗಳಿಗೆ ಇದು ಅನಿವಾರ್ಯ ಎನ್ನುವವರುಂಟು. ಲಂಡನ್ನಿನ ಥೇಮ್ಸ್ ಹೊಳೆಯನ್ನು ಅವರು ಉದಾಹರಿಸುತ್ತಾರೆ. 1858ರ ಬೇಸಿಗೆಯಲ್ಲಿ ಆ ಹೊಳೆಯ ನಾತ ಪಾರ್ಲಿಮೆಂಟಿನ ಕಿಟಕಿಗಳನ್ನು ಹೊಕ್ಕು ಸದಸ್ಯರನ್ನೇ ಉಸಿರುಗಟ್ಟಿಸಿದಾಗ ಶಾಸನ 18 ದಿನಗಳಲ್ಲಿ ಆಯಿತು, ಬಾಜಲ್ಗೆಟ್ ಎಂಬ ಎಂಜಿನಿಯರು ಮಹಾಚರಂಡಿಗಳನ್ನು ಕಟ್ಟಿದ ಎಂಬಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಚರಂಡಿಗಳು ಹೊಲಸನ್ನು ಊರಿನ ಕೆಳಗಡೆ ಬಾರ್ಕಿಂಗ್ ಬಳಿ ಹೊಳೆಗೇ ಬಿಡುತ್ತಿದ್ದವು. 1878ರ ಸೆಪ್ಟೆಂಬರ್ 3ರ ಸಂಜೆ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರನೌಕೆ ಅಲ್ಲಿಯೇ ಮುಳುಗಿತು. ಸತ್ತವರು 600ಕ್ಕೂ ಮಿಗಿಲು. ನೀರಿಗೆ ಬಿದ್ದವರು ಈಜಬೇಕಾದದ್ದು ಅದೇ ತಾನೆ ಬಿಟ್ಟಿದ್ದ ಕೊಳಚೆಯಲ್ಲಿ. ಅದಾದ ಮೇಲೆಯೇ ಲಂಡನ್ನು ತನ್ನ ಹೊಲಸನ್ನು ದೂರ ಮಾಡಿದರೆ ಸಾಲದು, ಹಸನು ಮಾಡಬೇಕು ಎಂಬುದರ ಕಡೆ ಅರೆಮನಸ್ಸಿನಿಂದಾದರೂ ತಿರುಗಿದ್ದು. ಇದಕ್ಕೆ ಪ್ರತಿಯಾಗಿ ಆಫ್ರಿಕದ ಒಣನಾಡು ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನ ದೃಷ್ಟಾಂತವಿದೆ: ಹತ್ತಿರದಲ್ಲಿ ಜೀವನದಿಯಿಲ್ಲದ ಆ ಊರು 1968ರಿಂದಲೂ ತನ್ನ ಕೊಳಚೆಯನ್ನೇ ಸಂಸ್ಕರಿಸಿ ಕುಡಿಯುವ ನೀರಿಗೆ ಸೇರಿಸಿಕೊಳ್ಳುತ್ತ ಬಂದಿದೆ. ಕೈಗಾರಿಕೆಯ ನೀರನ್ನು ಅವರು ಮನೆಗಳ ಕೊಳಚೆಯೊಡನೆ ಬೆರೆಯಗೊಡುವುದಿಲ್ಲ. ಏಕೆಂದರೆ ಕುಡಿಯಬೇಕಾದವರು ತಾವು. ನಮಗೆ ತಿಳಿಯದ ಯಾವ ವಿದ್ಯೆಯೂ ಅವರಲ್ಲಿರಲಿಲ್ಲ. ಹೊಲಸು ಬಿಡುವವರೂ ಆ ನೀರನ್ನು ಕುಡಿಯುವವರೂ ಒಬ್ಬರೇ ಆಗಿದ್ದರು, ಅಷ್ಟೆ.

ಇಷ್ಟನ್ನು ಸರ್ಕಾರದ ಮೇಲೆ ಹೊರಿಸಿ ಮುಗಿಸಿದರೆ ನಾನು ಸತ್ಯವನ್ನು ಅರ್ಧಕ್ಕೆ ನಿಲ್ಲಿಸಿದಂತೆ. ನಾವಿರುವ ವಸತಿಸಮುಚ್ಚಯದಲ್ಲಿ, ಕಾನೂನಿನ ಪ್ರಕಾರ, ಕೊಳಚೆಯನ್ನು ಶುದ್ಧ ಮಾಡುವ ಘಟಕವೊಂದು ನೆಲಮಾಳಿಗೆಯಲ್ಲಿದೆ. ಎಲ್ಲರೂ ಅದನ್ನು ಎಸ್‌ಟಿಪಿ ಎನ್ನುತ್ತಾರೆ. ಸೂಕ್ಷ್ಮಜೀವಿಗಳು ಬದುಕಿ ಕೆಲಸ ಮಾಡಬೇಕಾದರೆ ತೊಟ್ಟಿಗೆ ಹಗಲಿರುಳೂ ಗಾಳಿಯನ್ನೂದುತ್ತಿರಬೇಕು. ಮೂರು ವರ್ಷಗಳ ಹಿಂದಿನ ಸಭೆಯಲ್ಲಿ ಖರ್ಚಿನ ಮಾತು ಬಂದಾಗ, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಬ್ಲೋಯರನ್ನು ನಿಲ್ಲಿಸಬಹುದೆಂದು ಸೂಚನೆಯಾಯಿತು. “ಯಾರಿಗೇನು ತೊಂದರೆ ಸಾರ್? ನಮ್ಮ ಕಡೆಗೆ ವಾಸನೆ ಬರಲ್ಲ. ಹೊರಗಡೆ ರಾಜಕಾಲುವೆಗೆ ತಾನೆ ಹೋಗೋದು” ಎಂದರೊಬ್ಬರು. ಕೆರೆಯಿಂದ ಕೆರೆಗೆ ಮಳೆಯ ನೀರನ್ನು ಒಯ್ಯಲೆಂದು ಹಿರಿಯರು ತೋಡಿದ ಕಾಲುವೆಯ ಹೆಸರು ಅದು. ಕೈಯೆತ್ತಿದವರಲ್ಲಿ ನಾನೂ ಒಬ್ಬ. ದುಷ್ಟರು ಯಾರೂ ಆ ಸಭೆಯಲ್ಲಿರಲಿಲ್ಲ. ಇದ್ದವರು ಮನೆಮನೆಯಲ್ಲಿ ನೀರು ಸೋಸುವ ಯಂತ್ರವಿಟ್ಟುಕೊಂಡು, ಒಂದು ಕೊಡ ಶುದ್ಧಜಲಕ್ಕೆ ಒಂದಕ್ಕಿಂತ ಹೆಚ್ಚು ಕೊಡ ನೀರನ್ನು ಮೋರಿಗೆ ಬಿಡುವ, ಮಕ್ಕಳ ಆರೋಗ್ಯದ ವಿಷಯದಲ್ಲಿ ಅತ್ಯಂತ ಜಾಗರೂಕರಾದ ಸದ್ಗೃಹಸ್ಥರು.

ಅದೇ ವರ್ಷ ತೊಟ್ಟಿಯ ತಳದ ಕೆಸರು ತೆಗೆಯಲು ಇಬ್ಬರು ಬಂದಿದ್ದರು. ಒಬ್ಬನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಟವೆಲನ್ನು ಮೂಗಿಗೆ ಕಟ್ಟಿಕೊಂಡು, ಹವಾಯಿ ಚಪ್ಪಲಿಗಳನ್ನು ಕಳಚಿ, ತೊಟ್ಟಿಯ ಅಂಚಿನಲ್ಲಿ ಜೊತೆಗೂಡಿಸಿ, ಗುಡಿಯ ಮುಂದೆ ಬಿಡುವಂತೆ ನೀಟಾಗಿ ಇಟ್ಟು ಇಳಿದ. ಕೈಗವಸಿರಲಿಲ್ಲ, ಹಗ್ಗವಿರಲಿಲ್ಲ. ಮನುಷ್ಯನನ್ನು ಹೀಗೆ ಇಳಿಸುವುದನ್ನು 2013ರ ಶಾಸನ ನಿಷೇಧಿಸಿದೆ. ಅಂಥ ಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಅದಕ್ಕೂ ಬಹಳ ಹಿಂದೆ, 1970ರ ದಶಕದಲ್ಲೇ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದರು; ಈ ನಾಡಿನ ಶಾಸನಚರಿತ್ರೆಯಲ್ಲಿ ಅದಕ್ಕಿಂತ ನಿರ್ಮಲವಾದ ಕಾರ್ಯವನ್ನು ನಾನರಿಯೆ. ಬುಟ್ಟಿ ಹೋಯಿತು. ಬುಟ್ಟಿಯನ್ನು ಹೊರಿಸಿದ ಮನಸ್ಸು ಹೋಗಲಿಲ್ಲ. ಕೆಲಸ ಮುಗಿದ ಮೇಲೆ ಆ ಹುಡುಗರಿಗೆ ನಮ್ಮ ಮನೆಯಿಂದಲೇ ಕಾಫಿ ಹೋಯಿತು: ಕಾಗದದ ಲೋಟದಲ್ಲಿ, ಕಾಂಪೌಂಡಿನ ಗೋಡೆಯ ಮೇಲೆ ಇಟ್ಟು. ಕೈಗೆ ಕೊಟ್ಟವರಿಲ್ಲ. ನಾನು ನೋಡುತ್ತ ನಿಂತಿದ್ದೆ.

ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಪರೀಕ್ಷೆಗೆ ಒಡ್ಡಿಕೊಳ್ಳದ ನಂಬಿಕೆಗೆ ವಿದ್ಯಾಸ್ಥಾನದಲ್ಲಿ ಎಡೆಯಿಲ್ಲವೆಂಬ ಅವರ ನಿಷ್ಠೆಯನ್ನು ನೆನೆದಾಗಲೆಲ್ಲ ನನಗನ್ನಿಸುವುದುಂಟು: ಗುಂಡಿ ಒತ್ತಿದೊಡನೆ ಹೊಲಸು ಲೋಕದಿಂದಲೇ ಇಲ್ಲವಾಗುತ್ತದೆಂಬ ನಮ್ಮ ವಿದ್ಯಾವಂತರ ನಂಬಿಕೆಯೂ ಪರೀಕ್ಷೆಗೆ ಒಳಗಾಗಬೇಕಾದ ಒಂದು ಪವಾಡವೇ. ಅದಕ್ಕೆ ಜ್ಞಾನಭಾರತಿಗಿಂತ ಯೋಗ್ಯವಾದ ಸ್ಥಳ ಬೇರೆ ಯಾವುದಿದೆ? ಪರಿಸರವಿಜ್ಞಾನದ ವಿಭಾಗ ಅಲ್ಲಿದೆ, ಹೊಳೆ ಅಲ್ಲೇ ಇದೆ. ಪ್ರತಿ ವಾರ ಆ ನೀರಿನಲ್ಲಿರುವುದೇನೆಂಬುದನ್ನು ಅಳೆದು, ಕೆಂಗೇರಿಯ, ನಾಯಂಡಹಳ್ಳಿಯ ಸೇತುವೆಗಳ ಮೇಲೆ, ಬಸ್ಸಿಗೆ ಕಾಯುವವನೂ ಓದಬಲ್ಲ ಅಕ್ಷರದಲ್ಲಿ, ಕನ್ನಡದಲ್ಲಿ, ಫಲಕ ಹಾಕಲಿ. ನೀರಿನ ಮಂಡಳಿಯಲ್ಲಿ ಕೆಳಗಣ ಊರುಗಳ ಪಂಚಾಯಿತಿಗಳಿಗೆ ಸ್ಥಾನವಿರಲಿ, ಮೇಲಿನವರು ಬಿಟ್ಟ ನೀರು ಒಪ್ಪತಕ್ಕದ್ದೋ ಅಲ್ಲವೋ ಎಂಬ ಮಾತನ್ನು ಹೇಳುವ ಅಧಿಕಾರ ಅವರದಾಗಲಿ. ಲೇಪದ ಶೆಡ್ಡುಗಳನ್ನು ಮುಚ್ಚಿಸಿ ಕೂಲಿಯವರನ್ನು ಬೀದಿಗೆ ತಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅವರೆಲ್ಲರ ನೀರನ್ನು ಒಂದೆಡೆ ಕೂಡಿಸಿ ಲೋಹವನ್ನು ತೆಗೆಯುವ ಸಮಾನ ಘಟಕದ ವೆಚ್ಚವನ್ನು, ಆ ಹೊಳಪಿನ ನಲ್ಲಿಗಳನ್ನು ಕೊಳ್ಳುವ ನಾವು ಹೊರುವುದು ನ್ಯಾಯ.

ಬರುವ ಭಾನುವಾರ ನಮ್ಮ ಸಮುಚ್ಚಯದ ವಾರ್ಷಿಕ ಸಭೆ. ರಾತ್ರಿಯೂ ಬ್ಲೋಯರ್ ನಡೆಯಬೇಕು, ಹೊರಹೋಗುವ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳೂ ಗೇಟಿನ ಬಳಿ ತೂಗುಹಾಕಬೇಕು, ಯಂತ್ರವಿಲ್ಲದೆ ಮನುಷ್ಯನನ್ನು ತೊಟ್ಟಿಗೆ ಇಳಿಸಕೂಡದು ಎಂಬ ಮೂರು ಸೂಚನೆಗಳನ್ನು ಬರೆದುಕೊಟ್ಟಿದ್ದೇನೆ. ಖರ್ಚಿನ ಮಾತು ಮತ್ತೆ ಬಂದೇ ಬರುತ್ತದೆ, ಮತ ಬಿದ್ದರೆ ಸೋತೇನು. ಮೊನ್ನೆ ಬೈರಮಂಗಲದ ಆ ರೈತರಿಗೆ ಫೋನು ಮಾಡಿ, ತಾವೊಮ್ಮೆ ಬಂದು ನಮ್ಮವರೆದುರು ಎರಡು ಮಾತಾಡಲಾದೀತೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಾಲು ಕರೆದು ಡೈರಿಗೆ ಹಾಕಿ, ಒಂಬತ್ತರ ಬಸ್ಸು ಹಿಡಿದು ಬರುತ್ತೇನೆ ಎಂದಿದ್ದಾರೆ.